ಗರಿ ತಾನಾಗಿ ಉದುರಲಿ

ಕೆಲಸ ಒಪ್ಪಿಕೊಳ್ಳುವಾಗ ಎಲ್ಲರಿಗೂ ಧೈರ್ಯ, ಕೊಡುವ ದಿನ ಹತ್ತಿರ ಬಂದಾಗ ಎದೆ ಡವಡವ. ನಮ್ಮ ಬೀದಿಯ ಗರಿ ಅಕ್ಕನ ಮನೆಯಲ್ಲೂ ಹಾಗೇ ಆಯಿತು.

ಅಕ್ಕ ಬಟ್ಟೆಯ ಮೇಲೆ ಹಕ್ಕಿಗರಿ ಅಂಟಿಸಿ ಚಿತ್ರ ಮಾಡುತ್ತಾಳೆ. ಗಂಡ ಅದಕ್ಕೆ ಮರದ ಚೌಕಟ್ಟು ಹಾಕುತ್ತಾನೆ. ಹಿತ್ತಲಲ್ಲಿ ಒಂದು ಜೋಡಿ ಬಿಳಿ ಬಾತುಕೋಳಿ. ಅವು ಉದುರಿಸಿದ ಗರಿಯನ್ನಷ್ಟೇ ಅಕ್ಕ ಆರಿಸಿ, ಸೋಪಿನ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸುತ್ತಾಳೆ.

ಹೊಸ ಆಸ್ಪತ್ರೆಯವರು ಗೋಡೆಗೆ ಹಾರುವ ಹಕ್ಕಿಯ ದೊಡ್ಡ ಚಿತ್ರ ಕೇಳಿದ್ದರು. ಒಂದು ರೆಕ್ಕೆ ಮುಗಿಯಿತು. ಇನ್ನೊಂದಕ್ಕೆ ಉದ್ದ ಗರಿ ಸಾಲಲಿಲ್ಲ, ಕೊಡುವ ದಿನ ಹತ್ತಿರ ಬಂದಿತ್ತು.

"ಹಿತ್ತಲಲ್ಲೇ ಇಟ್ಕೊಂಡು ಯಾಕೆ ಒದ್ದಾಡ್ತೀಯಾ? ನಾಲ್ಕು ಕಿತ್ರೆ ಆಯ್ತು," ಅಂದ ಗಂಡ.

"ಬೇಡ ರೀ. ಅದಾಗೇ ಉದುರ್ಲಿ, ಕಾಯೋಣ."

"ಮತ್ತೆ ಬೆಳೆಯುತ್ತೆ ಕಣೇ! ನನ್ನ ಗಡ್ಡ ಬೆಳೆಯಲ್ವಾ?"

"ನಿಮ್ಮ ಗಡ್ಡಾನ ಬುಡ ಸಮೇತ ಕೀಳ್ಲಾ? ಆಗ ಗೊತ್ತಾಗುತ್ತೆ."

ಇಬ್ಬರೂ ನಕ್ಕರು. ಮಾತು ಅಲ್ಲಿಗೆ ಮುಗಿಯಿತು ಅಂತ ಅಕ್ಕ ಅಂದುಕೊಂಡಳು.

ಮರುದಿನ ಅವಳು ಅಂಟು ತರಲು ಹೋದಾಗ ಗಂಡ ಹೆಣ್ಣು ಬಾತನ್ನು ತೊಡೆಯ ಮೇಲೆ ಕೂರಿಸಿಕೊಂಡ. ದಿನವೂ ಅವನ ಕೈಯಿಂದಲೇ ಕಾಳು ತಿನ್ನುತ್ತಿದ್ದ ಹಕ್ಕಿ, ಹೆದರಲೇ ಇಲ್ಲ. ರೆಕ್ಕೆಯ ಉದ್ದ ಗರಿಗಳನ್ನೆಲ್ಲ ಒಂದೊಂದಾಗಿ ಕಿತ್ತ. ಹೆಂಡತಿಗೆ ಖುಷಿಯಾಗಲಿ ಅಂತ ಮೇಜಿನ ಮೇಲೆ ಜೋಡಿಸಿಯೂ ಇಟ್ಟ.

ಅಕ್ಕ ಬಂದು ನೋಡಿದರೆ ಗರಿಗಳ ಬುಡ ಕೆಂಪಗಿತ್ತು. ಹಕ್ಕಿಯನ್ನು ಎತ್ತಿಕೊಂಡು ಪಶುವೈದ್ಯೆಯ ಹತ್ತಿರ ಓಡಿದಳು. ಗಂಡನೂ ಹಿಂದೆಯೇ ಹೋದ.

"ಇನ್ನೂ ಬೆಳೀತಿದ್ದ ಗರೀನೂ ಕಿತ್ತಿದ್ದೀರಲ್ರೀ," ಅಂದರು ಡಾಕ್ಟರಮ್ಮ. "ಅದರೊಳಗೆ ರಕ್ತ ಹರೀತಿರುತ್ತೆ. ಹಳೇ ಗರಿ ಉದುರೋದು ಬೇರೆ, ಹೊಸದು ಅದನ್ನ ತಾನೇ ಹೊರಗೆ ತಳ್ಳುತ್ತೆ. ಕಿತ್ರೆ ಗಾಯ, ಗಾಯಕ್ಕೆ ನಂಜು."

"ಸರಿಹೋಗುತ್ತಲ್ವಾ ಡಾಕ್ಟ್ರೇ?"

"ಔಷಧಿ ಕೊಡ್ತೀನಿ. ತುಂಬಾ ರಕ್ತ ಹೋಗಿದೆ."

ಹಕ್ಕಿ ಉಳಿಯಲಿಲ್ಲ. ಗಂಡು ಬಾತು ಜೊತೆಗಾತಿಯನ್ನು ಹುಡುಕುತ್ತಾ ಹಿತ್ತಲೆಲ್ಲ ಅಲೆಯಿತು. ಅದರ ಕೂಗು ನಮ್ಮ ಅಡುಗೆಮನೆಗೂ ಕೇಳುತ್ತಿತ್ತು, ಊಟ ಸೇರುತ್ತಿರಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು. ಗಂಡ ತಾನೇ ಆಸ್ಪತ್ರೆಗೆ ಹೋಗಿ, ಚಿತ್ರ ತಡವಾಗುತ್ತದೆ ಎಂದು ತಲೆ ತಗ್ಗಿಸಿ ಹೇಳಿದ.

"ಅಯ್ಯೋ, ಅಷ್ಟೇನಾ? ಆ ಗೋಡೆಗೆ ಇನ್ನೂ ಬಣ್ಣಾನೇ ಹೊಡ್ದಿಲ್ಲ. ನಿಧಾನಕ್ಕೆ ಕೊಡಿ," ಅಂದರು ಅವರು.

ಮನೆಗೆ ಬಂದವನು ಹಿತ್ತಲ ಮೆಟ್ಟಿಲ ಮೇಲೆ ಕುಳಿತುಬಿಟ್ಟ. "ನಿನ್ನ ಮಾತು ಕೇಳ್ಬೇಕಿತ್ತು ಕಣೇ. ಇನ್ಮೇಲೆ ಕಿತ್ತ ಗರಿ ಈ ಮನೆಗೆ ಬರಲ್ಲ," ಅಂದ. ಕಾಳು ಹಿಡಿದು ಕೈ ಚಾಚಿದರೆ ಗಂಡು ಬಾತು ಬೇಲಿಯ ಮೂಲೆಗೆ ಓಡಿತು. ಈಗಲೂ ಓಡುತ್ತದೆ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಗರಿಯ ಚಿತ್ರ ಮಾಡಿ, ಮಕ್ಕಳಿಗೂ ಕಲಿಸಿ. ಆದರೆ ತಾನಾಗಿ ಉದುರಿದ ಗರಿಯನ್ನೇ ಎತ್ತಿಕೊಳ್ಳಿ. ಗೂಡಿಗೆ ಕೈ ಹಾಕಬೇಡಿ. ಕೊಳ್ಳುವಾಗ ಬುಡ ನೋಡಿ, ರಕ್ತವೋ ಮಾಂಸವೋ ಅಂಟಿದ್ದರೆ ಬೇಡ ಅನ್ನಿ. ಗರಿ ಸಾಲದಿದ್ದರೆ "ಇನ್ನೂ ಸ್ವಲ್ಪ ದಿನ ಬೇಕು" ಎಂದು ಬಾಯಿಬಿಟ್ಟು ಕೇಳಿ. ಆ ಮಾತನ್ನು ಒಂದು ದಿನ ಮೊದಲು ಕೇಳಿದ್ದರೆ ಆ ಬಾತು ಇವತ್ತೂ ಬದುಕಿರುತ್ತಿತ್ತು.