ಗೇಟಿನಲ್ಲಿ ನಿಂತ ತೊಟ್ಟಿಲು

ಗುಡಿಯಲ್ಲಿ ಜೋಗುಳ ಹಾಡಲೆಂದು ಎದ್ದು ನಿಂತಿದ್ದ ಸಖುಬಾಯಿ ತೊಟ್ಟಿಲ ಹಗ್ಗವನ್ನು ಕೈಬಿಟ್ಟು, ಸೆರಗು ಸರಿಮಾಡಿಕೊಂಡು, ಮತ್ತೆ ಕುಳಿತುಬಿಟ್ಟಳು.

ಕಲ್ಲಿನಾಥ ಶಾಸ್ತ್ರಿಗಳು ಪುರಾಣದ ಪುಸ್ತಕದಿಂದ ತಲೆಯೆತ್ತಿದರು. ಹಾರ್ಮೋನಿಯಂ ಒಂದೇ ಸ್ವರ ಹಿಡಿದುಕೊಂಡು ಕಾಯುತ್ತಿತ್ತು.

"ಯಾಕ ಆಯಿ, ಗಂಟಲ ಹಿಡದದೇನು?"

"ಗಂಟಲಿಗೇನಾಗ್ಯಾದ್ರಿ ಶಾಸ್ತ್ರೇರ, ಮನಸೇ ಬರವಲ್ದು. ಅಲ್ಲೊಂದು ತೊಟ್ಟಲಾ ಗೇಟಿನಾಗ ನಿಂತಾದ. ಅದು ಮನಿ ಮುಟ್ಟದ ಇಲ್ಲಿ ಇನ್ನೊಂದು ತೂಗು ಅಂದ್ರ ಹ್ಯಾಂಗ ತೂಗ್ಲಿ?"

"ಹೌದ್ರಿ, ಖರೇ ಅದ" ಎಂದು ಹೆಂಗಸರ ಸಾಲು ತಲೆದೂಗಿತು.

"ಶಿವ ಶಿವ, ಮತ್ತ ಅದೇ ಮಾವ!" ಎಂದು ಶಾಸ್ತ್ರಿಗಳು ಹಣೆಗೆ ಕೈಹಚ್ಚಿಕೊಂಡರು.

ಗೇಟಿನಲ್ಲಿ ನಿಂತ ಆ ತೊಟ್ಟಿಲು ಹುಡಗಿ ಎಂಬ ಈ ಗ್ರಾಮದ್ದಲ್ಲ, ಟೀವಿಯದು. ಎರಡು ವರ್ಷದಿಂದ ಸಂಜೆ ಏಳಕ್ಕೆ ಒಂದು ನಗೆ ಧಾರಾವಾಹಿ ಬರುತ್ತಿತ್ತು. ಅದರಲ್ಲೊಬ್ಬ ಮಾವ, ಅವನದೊಂದು ಹಳೆಯ ಸ್ಕೂಟರು. ಯಾವ ಕೆಲಸಕ್ಕೆ ಹೊರಟರೂ ಬೇರೊಂದನ್ನು ಕೆಡಿಸಿ ಬರುವುದೇ ಅವನ ಬಾಳು. ಆಷಾಢದ ಕೊನೆಯಲ್ಲಿ ಮೊಮ್ಮಗುವಿಗೆ ಹೆಸರಿಡುವ ದಿನ, ಮನೆತುಂಬ ಬೀಗರು ಕಾಯುತ್ತಿರಲು, ಮಾವ ತೊಟ್ಟಿಲನ್ನು ಸ್ಕೂಟರಿನ ಹಿಂದೆ ಕಟ್ಟಿಕೊಂಡು ಹೊರಟ. ದಾರಿಯಲ್ಲಿ ರೈಲ್ವೆ ಗೇಟು ಬಿತ್ತು. ಮಾವ ನಿಂತ. ಮರುದಿನ ಜನ ಟೀವಿ ಹಚ್ಚಿದರೆ ಅದೇ ಹೊತ್ತಿಗೆ ಯಾರೋ ಬದನೆಕಾಯಿ ಹುರಿಯುತ್ತಿದ್ದರು. ನೋಡುವವರು ಕಡಿಮೆಯಾದರೆಂದು ನಿಲ್ಲಿಸಿದರಂತೆ. "ಮತ್ತ ನಾವೇನು ಮಂದಿ ಅಲ್ಲೇನು?" ಎಂದು ಊರಿಗೆ ಊರೇ ಕೇಳಿತು. ಯಾರಿಗೆ ಕೇಳುವುದು, ಟೀವಿಗೆ ಬಾಯಿ ಉಂಟು, ಕಿವಿಯಿಲ್ಲ.

ಈ ಸುದ್ದಿ ತಮ್ಮ ಊರು ಬಸವಕಲ್ಯಾಣಕ್ಕೆ ಮುಟ್ಟಿದ ದಿನ ಶಾಸ್ತ್ರಿಗಳು ಮನೆದೇವರಿಗೆ ಕಾಯಿ ಒಡೆಸಿದ್ದರು. ಎರಡು ಶ್ರಾವಣಗಳ ಪುರಾಣವನ್ನು ಆ ಮಾವ ನುಂಗಿದ್ದ. ಅವರು ದಿನಾ ಹುಮನಾಬಾದಿನಲ್ಲಿ ಬಸ್ಸು ಬದಲಿಸಿ, ಎದೆಗವಚಿಕೊಂಡ ಪುಸ್ತಕದೊಂದಿಗೆ ಹುಡಗಿ ಗ್ರಾಮದ ಗುಡಿಗೆ ಬಂದರೆ ಎದುರಿಗೆ ನಾಲ್ವರು ಮುದುಕರು. ಅವರಲ್ಲಿ ಇಬ್ಬರಿಗೆ ಕಿವಿ ದೂರ. ತಂದೆಯ ಕಾಲದಿಂದ ನಡೆದು ಬಂದ ಶರಣರ ಪುರಾಣ ಅದು. ಗುಡಿ ಕಮಿಟಿಯ ಗೋವರ್ಧನ ಈ ಸಲ ಬಾಯಿಬಿಟ್ಟೇ ಹೇಳಿದ್ದ: "ತೊಟ್ಟಲಾ ದಿನ ಪಸಂದ್ ಆಯ್ತಂದ್ರ ಮುಂದ ನೋಡೂಣು. ಇಲ್ಲಾಂದ್ರ ಬರೂ ವರ್ಷದಿಂದ ಬಂದ್ ಮಾಡೂಣ್ರಿ ಶಾಸ್ತ್ರೇರ. ಕೇಳೋರಿಲ್ಲದ ಗ್ವಾಡಿಗಿ ಹೇಳ್ತೀರೇನು?"

ಮಾವ ಹೋದ, ಮಂದಿ ಬಂದರು. ಆದರೆ ಮಂದಿಯ ತಲೆಯಲ್ಲಿ ಮಾವ ಕುಳಿತೇ ಇದ್ದ. ಶರಣರ ತಾಯಿ ಹರಕೆ ಹೊತ್ತಾಗ ಹಿಂದಿನ ಸಾಲಿನಲ್ಲಿ ಗೇಟಿನ ಮಾತು; ಜಂಗಮ ಬಂದು ವರ ಕೊಟ್ಟಾಗ ಸ್ಕೂಟರಿನ ಮಾತು. ಹನ್ನೊಂದು ದಿನ ಶಾಸ್ತ್ರಿಗಳು ಹಲ್ಲುಕಚ್ಚಿ ಓದಿದರು. ಇಂದು ಹನ್ನೆರಡನೆಯ ದಿನ, ಕಥೆಯಲ್ಲಿ ಶರಣರು ಹುಟ್ಟುವ ದಿನ. ಗುಡಿಯಲ್ಲಿ ನಿಜವಾದ ತೊಟ್ಟಿಲು ಕಟ್ಟಿ, ತೆಂಗಿನಕಾಯಿಗೆ ಕುಂಚಿಗೆ ತೊಡಿಸಿ ಮಲಗಿಸಿ, ಜೋಗುಳ ಹಾಡಿ ಹೆಸರಿಡುವುದು ವಾಡಿಕೆ. ಮೊದಲ ಸೊಲ್ಲು ಸಖುಬಾಯಿಯದೇ ಆಗಬೇಕು. ಅವಳು ಎತ್ತದ ಹಾಡನ್ನು ಬೇರೆ ಯಾರೂ ಎತ್ತುವುದಿಲ್ಲ. ಹಾಡಿಲ್ಲದೆ ಹೆಸರಿಲ್ಲ, ಹೆಸರಿಲ್ಲದೆ ಕಥೆ ಮುಂದೆ ಸಾಗದು.

"ಆಯಿ, ತಿಳಕೊ. ಅದು ಟೀವಿದು. ಸುಳ್ಳ ಕೂಸು."

"ಇದು ಟೆಂಗಿನಕಾಯಿ ಅಲ್ಲೇನ್ರಿ?"

ಮಾತು ಕಟ್ಟೆಯ ಕೆಳಗಿನಿಂದ ಬಂತು. ಬಳೆ ಮಾರುವ ಆಮಿನಾ ದಿನದ ಸುತ್ತು ಮುಗಿಸಿ, ಬುಟ್ಟಿಯನ್ನು ಮಗ್ಗುಲಲ್ಲಿಟ್ಟುಕೊಂಡು, ಬೇವಿನ ಮರಕ್ಕೆ ಒರಗಿ ಪುರಾಣ ಕೇಳುವವಳು. ಗುಡಿ ತುಂಬ ನಗು ಹರಿಯಿತು.

"ನೀನೂ ಶುರು ಮಾಡಿದೇನವಾ?"

"ನಾ ಎಲ್ಲಿ ಶುರು ಮಾಡ್ದೆರಿ? ಟೀವಿಯವರು ನಮ್ಮ ಮಾತ ಕೇಳಂಗಿಲ್ಲ. ಕಥಿ ಹೇಳೋರು ಇಲ್ಲಿ ನೀವೊಬ್ರೇ ಇದ್ದೀರಿ. ಜರಾ ಆ ಗೇಟ ಎತ್ತಸ್ರಿ."

"ನಾ ಏನ ರೈಲ್ವೆದವ ಇದ್ದೀನಿ?" ಶಾಸ್ತ್ರಿಗಳ ದನಿ ಏರಿತು. "ಮೂವತ್ತು ಮೈಲಿ ಬಸ್ಸಿನಾಗ ಜೋತಾಡಿ ಬರೂದು ನಿಮ್ಮ ಮಾವನ ಸ್ಕೂಟರ್ ದಾಟಸ್ಲಿಕ್ಕೇನು?"

ಕಂಬಕ್ಕೆ ಆತು ನಿಂತಿದ್ದ ಗೋವರ್ಧನ ಗಡಿಯಾರ ನೋಡಿಕೊಂಡ. "ಸಾಕ್ ಬಿಡ್ರಿ ಶಾಸ್ತ್ರೇರ. ಮಂದಿಗಿ ಮನಸಿಲ್ಲ. ಆರತಿ ಮಾಡ್ರಿ, ಇಲ್ಲಿಗೇ ನಿಲ್ಲಸೂಣು."

'ಕೂಸಿಗಿ ಹೆಸರೇ ಇಟ್ಟಿಲ್ಲಲ್ಲೋ!' ಶಾಸ್ತ್ರಿಗಳ ನಾಲಿಗೆಯ ತುದಿಗೆ ಬಂದ ಮಾತು ಅಲ್ಲೇ ಉಳಿಯಿತು. ಅವರು ಸಖುಬಾಯಿಯ ಕಡೆ ನೋಡಿದರು. ಅವಳು ನೆಲ ನೋಡುತ್ತಿದ್ದಳು.

ಶಾಸ್ತ್ರಿಗಳು ಪುಸ್ತಕ ಮುಚ್ಚಿದರು.

"ತೊಟ್ಟಲಾ ಎದರಿಂದ ಕಟ್ಟಿದ್ದ ನಿಮ್ಮ ಮಾವ?" ಎಂದು ಕೇಳಿದರು, ಬೈಯುವ ದನಿಯಲ್ಲೇ. "ಹಗ್ಗದಿಂದೇನು?"

"ಸೀರಿಯಿಂದ್ರಿ!" ಎಂದು ಹತ್ತು ಬಾಯಿ ಒಟ್ಟಿಗೆ ಕೂಗಿದವು. "ಹೇಂತಿದು ಹೊಸ ಸೀರಿ!"

"ಕೇಳಿ ತಂದಿದ್ನೋ?"

"ಕೇಳಿದ್ರ ಕೊಡ್ತಿದ್ಳೇನ್ರಿ ಆಕಿ?" ಎಂದಳು ಸಖುಬಾಯಿ, ತಲೆಯೆತ್ತದೆ.

"ಅಂದ್ರ ಮನಿ ಮುಟ್ಟಿದ್ರೂ ಬೈಸ್ಕೊಳಾದು ತಪ್ಪಂಗಿಲ್ಲ" ಎಂದರು ಶಾಸ್ತ್ರಿಗಳು. ಅವರಿಗೆ ಬೇಡವಾಗಿದ್ದರೂ ತುಟಿಯಂಚಿನಲ್ಲಿ ನಗು ಬಂದಿತ್ತು. ಹಾರ್ಮೋನಿಯಂನವನ ಕಡೆ ಕಣ್ಸನ್ನೆ ಮಾಡಿ, ಶರಣರ ತಾಯಿಯ ಹರಕೆಗೆ ಹಿಡಿದಿದ್ದ ಅದೇ ರಾಗ ಹಿಡಿದರು.

ಅವರ ಹಾಡಿನಲ್ಲಿ ಗೂಡ್ಸು ಗಾಡಿ ಬಂತು. ಅದರ ಡಬ್ಬಿಗಳು ಮುಗಿಯಲೊಲ್ಲವು. ಕೊನೆಗೊಮ್ಮೆ ಗೇಟು ಎದ್ದಿತು, ಸ್ಕೂಟರು ಮಾತ್ರ ಏಳಲಿಲ್ಲ. ಮಾವ ಒದ್ದ, ಬೈದ, ಕೈಮುಗಿದ. ಕೊನೆಗೆ ಇಳಿದು ತಳ್ಳಿದ. ಎಡಕ್ಕೆ ಹೊರಳಬೇಕಾದಲ್ಲಿ ಬಲಕ್ಕೆ ಹೊರಳಿದ, ಮಾವನಲ್ಲವೆ! ಉದ್ದಿನ ಹೊಲಗಳು ಬಂದವು, ಜಿನುಗು ಮಳೆ ಬಂತು. ಸೀರೆ ತೋಯ್ದು ಅದರ ಬಣ್ಣ ತೊಟ್ಟಿಲಿಗೆ ಹತ್ತಿತು. ಮಾವನಿಗೆ ಅಳು ಬಂತು. ಗುಡಿಯಲ್ಲಿ ಯಾರೂ ನಗಲಿಲ್ಲ. ಹಿಂದಿನ ಸಾಲಿನವರು ಮುಂದಕ್ಕೆ ಸರಿದು ಕುಳಿತರು.

ಶಾಸ್ತ್ರಿಗಳು ರಾಗ ಬಿಟ್ಟು ಮಾತಿಗಿಳಿದರು. "ನಡದೂ ನಡದೂ ಒಂದೂರಿನ ಅಗಸಿ ಬಾಗಲಿಗಿ ಬಂದ. ಕೂಸಿನ ಮನಿ ಯಾವುದ್ರಿ ಅಂತ ಕೇಳ್ದ. ಯಾರೋ ಗುಡಿ ಕಡಿ ಬಟ್ಟ ಮಾಡಿದ್ರು. ಬಂದಾನ ಆಯಿ. ತಪ್ಪಿ ಬಂದಾನ ಖರೇ, ಆದ್ರ ತೊಟ್ಟಲಾ ತಂದಾನ. ಇಳಸ್ಕೊಳ್ರಿ."

ಸಖುಬಾಯಿ ಮೊಣಕಾಲಿಗೆ ಕೈಕೊಟ್ಟು ಎದ್ದಳು. ತೊಟ್ಟಿಲ ಹತ್ತಿರ ಹೋಗಿ ಅದರ ಪಟ್ಟಿಯನ್ನು ಸೆರಗಿನಿಂದ ಒರೆಸಿದಳು, ಮಳೆಯಲ್ಲಿ ಬಂದದ್ದನ್ನು ಒರೆಸುವಂತೆ. "ಆಕಿ ಸೀರಿ ಹಿಂಡಿ ಒಣಗ ಹಾಕ್ರೆ" ಎಂದು ಹೆಂಗಸರಿಗೆ ಹೇಳಿ, ಹಗ್ಗ ಹಿಡಿದು, ಮೊದಲ ಸೊಲ್ಲು ಎತ್ತಿದಳು. ಗುಡಿಗೆ ಗುಡಿಯೇ ಅವಳ ಹಿಂದೆ ಹಾಡಿತು.

ಆಮಿನಾ ಬುಟ್ಟಿಯಿಂದ ಕೂಸಿನ ಕರಿಬಳೆ ಹುಡುಕಿ ಕಟ್ಟೆಯ ಮೇಲಿಟ್ಟಳು, ಒಂದಲ್ಲ, ಎರಡು ಜೊತೆ. ಸಖುಬಾಯಿ ಅವನ್ನೆತ್ತಿ ತೊಟ್ಟಿಲೊಳಗಿಟ್ಟು, ತೆಂಗಿನಕಾಯಿಯ ಒಂದು ಮಗ್ಗುಲಿಗೆ ಬಾಗಿ ಶರಣರ ಹೆಸರನ್ನು ಉಸುರಿದಳು. ಆಮೇಲೆ ಇನ್ನೊಂದು ಮಗ್ಗುಲಿಗೆ ಬಂದು ಮತ್ತೊಂದು ಹೆಸರನ್ನು ಉಸುರಿದಳು. ಅದು ಶಾಸ್ತ್ರಿಗಳಿಗೆ ಕೇಳಿಸಲಿಲ್ಲ. ಅವರೂ ಕೇಳಲಿಲ್ಲ.

ಪ್ರಸಾದ ಮುಗಿದು ಜನ ಕರಗಿದ ಮೇಲೆ ಗೋವರ್ಧನ ಹತ್ತಿರ ಬಂದು ಕೆಮ್ಮಿದ. "ಈ ತೊಟ್ಟಲಾ ಭಾಳ ಸಣ್ಣದಾಯ್ತು. ಬರೂ ವರ್ಷ ದೊಡ್ಡದ ತರಬೇಕ್ರಿ."

"ಮೊದಲ ನನ್ನ ಬಸ್ಸ ತಪ್ಪಲಾರದಂಗ ನೋಡು ಮಾರಾಯ" ಎಂದು ಶಾಸ್ತ್ರಿಗಳು ಗೊಣಗುತ್ತ ಪುಸ್ತಕಕ್ಕೆ ಬಟ್ಟೆ ಸುತ್ತಿದರು.

ಮೆಟ್ಟಿಲಿಳಿಯುವಾಗ ಹಿಂದಿನಿಂದ ಸಣ್ಣ ಸದ್ದಾಯಿತು. ತಿರುಗಿ ನೋಡಿದರು. ಯಾರೂ ಹಿಡಿಯದ ತೊಟ್ಟಿಲು ಇನ್ನೂ ತೂಗುತ್ತಿತ್ತು. ಅದರೊಳಗೆ ಕುಂಚಿಗೆಯ ಆಚೆಗೊಂದು ಜೊತೆ, ಈಚೆಗೊಂದು ಜೊತೆ ಬಳೆಗಳು ಒಂದಕ್ಕೊಂದು ತಾಗಿ ಮೆಲ್ಲಗೆ ಕಿಣಿಗುಡುತ್ತಿದ್ದವು.