ಬೇಲಿಯ ಒಳಗಿನ ಹುಲ್ಲು

ಮೂರು ದಿನ ಬೀಸಿದ ಗಾಳಿ ನಿಂತ ಬೆಳಿಗ್ಗೆ ಇದ್ದಿಲು ಸುಡುವವನ ಮನೆಯ ಬಾಗಿಲು ತೆರೆಯಲಿಲ್ಲ. ಹೊರಗೆ ಮೊಣಕಾಲೆತ್ತರ ಮರಳು ಬಿದ್ದಿತ್ತು. ಅವನು ಕಿಟಕಿಯಿಂದ ಹಾರಿ, ಸಲಿಕೆಯಲ್ಲಿ ಮರಳು ಎತ್ತಿ ಹಾಕಿದ ಮೇಲೆ ಅವನ ಹೆಂಡತಿ ತನ್ನ ತಾಯಿಯನ್ನು ಹೊರಗೆ ಕರೆತಂದಳು. ಮುದುಕಿಗೆ ಕೆಮ್ಮಿ ಕೆಮ್ಮಿ ಉಸಿರೇ ಸಿಗುತ್ತಿರಲಿಲ್ಲ.

ಸುದ್ದಿ ಕೇಳಿ ಅವನ ಅಕ್ಕ ಓಡಿ ಬಂದಳು. ಅವಳಿಗೆ ಸಸಿ ಬೆಳೆಸುವ ನರ್ಸರಿಯಲ್ಲಿ ಕೆಲಸ.

"ಬಾವಿ ಬತ್ತಿದ್ದು, ಹೊಲ ಮರಳಾಗಿದ್ದು, ಎಲ್ಲಾ ಮಳೆ ಮಾಡಿದ್ದು, ಅಕ್ಕ," ಎಂದ ಅವನು. "ಅದು ಕೈಕೊಟ್ರೆ ನಾವೇನ್ ಮಾಡೋಕಾಗುತ್ತೆ?"

"ಮಳೆ ಕಮ್ಮಿ ಆಗಿರೋದು ನಿಜ. ಆದ್ರೆ ಎಲ್ಲಾ ಅದರ ತಲೆಗೇ ಕಟ್ಟಬೇಡ. ಬಾ ನನ್ ಜೊತೆ."

ಊರಿನ ಆಸ್ಪತ್ರೆಯ ಹಿಂದೆ ಬೇಲಿ ಹಾಕಿದ ಒಂದು ತುಂಡು ಜಾಗವಿತ್ತು. ಕೊಡಲಿಯಾಗಲಿ ಮೇಕೆಯಾಗಲಿ ಒಳಗೆ ಹೋಗದೆ ಹದಿನೈದು ವರ್ಷವಾಗಿತ್ತು. ಒಳಗೆ ಹುಲ್ಲು, ಮುಳ್ಳುಗಿಡ. ಹೊರಗೆ ಬರೀ ಗರಸು ನೆಲ.

"ಇಲ್ಲಿಗೇನು ಬೇರೆ ಮಳೆ ಬರುತ್ತಾ?" ಎಂದಳು ಅಕ್ಕ.

"ನಾನು ಕಡಿದಿದ್ದೂ ಇದೇ ಮುಳ್ಳುಗಿಡ ತಾನೇ? ಯಾರ ಹೊಟ್ಟೆ ತುಂಬಿಸ್ತಿತ್ತು ಅದು?"

"ಅದರ ಬೇರು ಮಣ್ಣನ್ನ ಹಿಡ್ಕೊಂಡಿತ್ತು ಕಣೋ. ನೀನು ಬುಡಸಮೇತ ಕಿತ್ತೆ. ಉಳಿದ ಚಿಗುರನ್ನ ನಮ್ಮೆಲ್ಲರ ಮೇಕೆಗಳು ಮುಗಿಸಿದ್ವು. ಬೇರಿಲ್ಲದ ಮಣ್ಣು ಗಾಳಿಗೆ ಹೋಯ್ತು. ಈಗ ಮಳೆ ಬಂದ್ರೂ ನೀರು ಇಂಗಲ್ಲ, ಹರಿದೇ ಹೋಗುತ್ತೆ. ಬಾವಿ ಬತ್ತದೆ ಇನ್ನೇನು?"

ಅವನು ಬೇಲಿಯೊಳಗೆ ಕೈ ಹಾಕಿ ಹುಲ್ಲಿನ ಬುಡ ಎಳೆದು ನೋಡಿದ; ಅದು ಅಲುಗಲಿಲ್ಲ.

"ಹದಿನೆಂಟು ವರ್ಷ ಕಡಿದೆ. ಮೊದಲೇ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ದೆ. ನೀನು ನಕ್ಕಿದ್ದೆ."

ಅವನು ಇದ್ದಿಲು ಸುಡುವುದನ್ನು ಬಿಟ್ಟು ಅಕ್ಕನ ನರ್ಸರಿಗೇ ಕೂಲಿಗೆ ಸೇರಿದ. ಹರಿಯುವ ನೀರು ನಿಲ್ಲಲೆಂದು ಗಂಡ ಹೆಂಡತಿ ಸೇರಿ ತಮ್ಮ ಹೊಲದ ಇಳಿಜಾರಿಗೆ ಅಡ್ಡಲಾಗಿ ಕಲ್ಲು ಜೋಡಿಸಿದರು, ಗುಂಡಿ ತೋಡಿ ಎಪ್ಪತ್ತು ಸಸಿ ನೆಟ್ಟರು. ಅಷ್ಟರಲ್ಲಿ ಮುದುಕಿ ತೀರಿಕೊಂಡಳು. ಬೀದಿಯ ಐದು ಮನೆಯವರು ಬೀಗ ಹಾಕಿ ಊರು ಬಿಟ್ಟರು. ವರ್ಷ ಕಳೆಯುವ ಹೊತ್ತಿಗೆ ಸಸಿಗಳಲ್ಲಿ ಬದುಕಿದ್ದು ಒಂಬತ್ತು.

"ನಮ್ಮ ಕಾಲಕ್ಕೆ ಈ ಹೊಲ ಮೊದಲಿನ ಹಾಗೆ ಆಗುತ್ತಾ?" ಹೆಂಡತಿ ಕೇಳಿದಳು.

"ಆಗಲ್ಲ," ಎಂದ ಅವನು. "ಆದ್ರೂ ನೀರು ಹಾಕು."

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹೊಲದಲ್ಲಿ ಮೇಲ್ಮಣ್ಣು ಇನ್ನೂ ಇದೆಯೇ? ಹಾಗಿದ್ದರೆ ನಿಮಗೆ ಇನ್ನೂ ಸಮಯವಿದೆ. ಸೌದೆ ಬೇಕಾದರೆ ಕೊಂಬೆ ಕತ್ತರಿಸಿ, ಬುಡ ಬಿಡಿ. ಮೇಕೆಗಳನ್ನು ಜಾಗ ಬದಲಿಸಿ ಮೇಯಿಸಿ. ಇಳಿಜಾರಿಗೆ ಅಡ್ಡಲಾಗಿ ಇವತ್ತೇ ಒಂದು ಸಾಲು ಕಲ್ಲು ಇಡಿ. ಗಾಳಿಗೆ ಹೋದ ಮಣ್ಣನ್ನು ಯಾವ ಮಳೆಯೂ ವಾಪಸು ತಂದುಕೊಡುವುದಿಲ್ಲ.