ಹಾವಿನ ಮೇಲೆ ಕೂತವರು

ಬಹಳ ಹಿಂದೆ, ನದಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ, ಒಂದು ಹೆಬ್ಬಾವು ದಾರಿಗೆ ಅಡ್ಡವಾಗಿ ಸುರುಳಿ ಸುತ್ತಿ ಮಲಗಿತ್ತಂತೆ. ದಾಟಬೇಕಾದವರೆಲ್ಲ ಅದರ ಬೆನ್ನ ಮೇಲೆ ಕಾಲಿಟ್ಟೇ ದಾಟಿದರು. ಆನೆ ದಾಟಿತು, ಕತ್ತೆ ದಾಟಿತು, ಉಪ್ಪಿನ ಮೂಟೆ ಹೊತ್ತ ವ್ಯಾಪಾರಿ ದಾಟಿದ. ಹಾವು ತುಟಿಪಿಟಕ್ಕೆನ್ನಲಿಲ್ಲ. ತುಳಿದವರ ಭಾರವನ್ನೆಲ್ಲ ಒಳಗೊಳಗೇ ಮಡಚಿ ಇಟ್ಟುಕೊಂಡಿತು. ಒಂದು ದಿನ ಬೇಟೆಗಾರನೊಬ್ಬ ಒಂಟಿಯಾಗಿ ಬಂದು ಅದನ್ನು ಕೋಲಿನಿಂದ ತಿವಿದ. ಅಷ್ಟೂ ಜನರ ಭಾರ ಅವನೊಬ್ಬನ ಎದೆಗೆ ಬಡಿಯಿತು.

ಅಜ್ಜಿ ಇಲ್ಲಿಗೆ ನಿಲ್ಲಿಸಿ ಕೇಳುತ್ತಿದ್ದಳು: "ಹಂಗಾದ್ರೆ ಆ ಹಾವನ್ನ ಎಬ್ಬಿಸೋದು ಹೆಂಗೆ, ಹೇಳು ನೋಡೋಣ?" ಆ ಉತ್ತರವನ್ನು ಮೊಮ್ಮಗಳು ತೆನಿನ್ ಒಮ್ಮೆಯೂ ಕೇಳಿರಲಿಲ್ಲ. ಅಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿಬಿಡುತ್ತಿತ್ತು. ಅಜ್ಜಿ ಮಣ್ಣಿಗೆ ಹೋದಳು, ಉತ್ತರವೂ ಅವಳ ಜೊತೆಗೇ ಹೋಯಿತು.

ಈಗ ಆ ಹಾವು ಸೆಗು ಊರಿನ ಗ್ಯಾರೇಜಿನ ಬೇವಿನ ಮರದ ಕೆಳಗೆ, ಗಿರಾಕಿ ದ್ರಾಮಾನೆಯ ಹಳೇ ಪೂಜೋ ಕಾರಿನ ಬಲ ಮುಂಚಕ್ರದ ಹಿಂದೆ ಮಲಗಿತ್ತು. ಕಪ್ಪು ಜಿಡ್ಡು ಮೆತ್ತಿದ ಸ್ಪ್ರಿಂಗು. ತೆನಿನ್ ಮರಳಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಅದನ್ನು ನೋಡುತ್ತಿದ್ದಳು. ಅದೂ ತನ್ನನ್ನು ನೋಡುತ್ತಿದೆ ಅನ್ನಿಸುತ್ತಿತ್ತು.

ಆ ಗಾಡಿ ಅವಳಿಗಿಂತ ಹಿರಿಯದು. ಹೋದ ಮಳೆಗಾಲಕ್ಕೆ ಮೊದಲು ಅವಳ ಚಿಕ್ಕಪ್ಪ ಸಿರಿಕಿ ಅದರ ಎಡಗಡೆಯ ಸವೆದ ಸಾಮಾನನ್ನೆಲ್ಲ ಬದಲಾಯಿಸಿದ್ದ. ಕೆಲಸ ಮುಗಿಯಲು ಒಂದು ನಟ್ಟು ಬಾಕಿ ಇದ್ದಾಗ ಸ್ಪ್ರಿಂಗು ಹಾರಿತು. ಅವನ ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಮಾತ್ರ ಉಳಿದವು. "ಬಲಗಡೆದೂ ಮಾಡ್ಕೊಡ್ತೀನಿ" ಎಂದು ದ್ರಾಮಾನೆಗೆ ಕೊಟ್ಟ ಮಾತು ಹಾಗೆಯೇ ಉಳಿಯಿತು. ಅಂದಿನಿಂದ ಗ್ಯಾರೇಜಿನ ಕೆಲಸವೆಲ್ಲ ತೆನಿನಳದು. ಎಂಜಿನ್ನು ಬಿಚ್ಚಿದಳು, ಗೇರುಪೆಟ್ಟಿಗೆ ಬಿಚ್ಚಿದಳು. ಸ್ಪ್ರಿಂಗಿನ ಕೆಲಸ ಬಂದರೆ ಮಾತ್ರ, "ಪಕ್ಕದ ಓಣಿಗೆ ಹೋಗಿ" ಎಂದು ಗಿರಾಕಿಗಳನ್ನು ಸಾಗಹಾಕುತ್ತಿದ್ದಳು.

ಆದರೆ ದ್ರಾಮಾನೆ ಕೇತಾ ಪಕ್ಕದ ಓಣಿಗೆ ಹೋಗುವವನಲ್ಲ. ಅವನ ಕೇತಾ ಮನೆತನಕ್ಕೂ ತೆನಿನಳ ಕುಲಿಬಾಲಿ ಮನೆತನಕ್ಕೂ ಅಜ್ಜ ಮುತ್ತಜ್ಜಂದಿರ ಕಾಲದಿಂದ ಗೇಲಿಯ ನಂಟು. ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಬಯ್ಯಬಹುದು, ಸಿಟ್ಟು ಮಾಡಿಕೊಳ್ಳುವಂತಿಲ್ಲ. ಒಬ್ಬರು ಬೇಡಿದ್ದನ್ನು ಇನ್ನೊಬ್ಬರು ಇಲ್ಲ ಅನ್ನುವಂತಿಲ್ಲ.

"ಏ ಅಲಸಂದೆ ತಿನ್ನೋಳೇ!" ಬೆಳಿಗ್ಗೆ ಬಂದವನೇ ಅವನು ಕುಲಿಬಾಲಿಗಳಿಗೆ ಮೀಸಲಾದ ಆ ಹಳೇ ಬೈಗುಳವನ್ನೇ ಕೂಗಿದ್ದ. "ಭಾನುವಾರ ಮಗಳ ಮದುವೆ. ಹೆಣ್ಣನ್ನ ಇದೇ ಗಾಡೀಲಿ ಮಾರ್ಕಾಲಾ ಸೇತುವೆ ದಾಟಿಸ್ಬೇಕು. ಚಕ್ರ ಕುಡುಕನ ಕಾಲಿನ ಥರ ಆಡ್ತಿದೆ. ಮಾಡ್ಕೊಡ್ತೀಯೋ, ಅಲಸಂದೆ ಬೇಯ್ಸೋಕೆ ಹೋಗ್ತೀಯೋ?"

ಅವಳು ಬಾಯಿ ತೆರೆಯುವ ಮೊದಲೇ ಚಾಪೆಯ ಮೇಲಿಂದ ಚಿಕ್ಕಪ್ಪ ಅಂದ: "ಅವಳು ಮಾಡದಿದ್ರೆ ನಾನೇ ಮಾಡ್ತೀನಿ. ಮಾತು ಕೊಟ್ಟಿರೋನು ನಾನು."

ಅವನು ತಮಾಷೆ ಮಾಡುತ್ತಿರಲಿಲ್ಲ. ಎರಡು ಬೆರಳಿನ ಕೈಯಲ್ಲಿ ಟೀ ಲೋಟ ಹಿಡಿದಿದ್ದ. ಲೋಟ ನಡುಗುತ್ತಿತ್ತು. ತೆನಿನ್ ಆ ಲೋಟವನ್ನೇ ನೋಡಿದಳು. ತಾನು ಮಾಡಬೇಕು, ಇಲ್ಲವಾದರೆ ಈ ಕೈ ಮತ್ತೆ ಹಾವಿನ ಬಾಯಿಗೆ ಹೋಗುತ್ತದೆ.

"ಆಯ್ತು, ನಾನೇ ಮಾಡ್ತೀನಿ" ಅಂದಳು. ದನಿ ಅವಳದೇ ಎಂದು ಅವಳಿಗೆ ಅನ್ನಿಸಲಿಲ್ಲ.

ಈ ಓಣಿಯಲ್ಲಿ ಸ್ಪ್ರಿಂಗು ಅದುಮುವ ಯಂತ್ರ ಯಾರ ಬಳಿಯೂ ಇಲ್ಲ. ಇರುವುದು ಜನ. ನಾಲ್ಕಾರು ಮಂದಿಯನ್ನು ಕರೆದು ಮಡ್ಗಾರ್ಡಿನ ಮೇಲೆ ಕೂರಿಸುತ್ತಾರೆ. ಅವರ ಭಾರಕ್ಕೆ ಸ್ಪ್ರಿಂಗು ಕುಗ್ಗುತ್ತದೆ. ಕುಗ್ಗಿದ ಸುರುಳಿಗಳಿಗೆ ಕಮ್ಮಾರ ಬಡಿದುಕೊಟ್ಟ ಮೂರು ಕೊಕ್ಕೆ ಸಿಕ್ಕಿಸುತ್ತಾರೆ. ಆಮೇಲೆ ಎಲ್ಲರೂ ಇಳಿದರೂ ಸ್ಪ್ರಿಂಗು ಕಟ್ಟುಬಿದ್ದೇ ಇರುತ್ತದೆ, ಕೊಕ್ಕೆ ಹಿಡಿದಿರುವವರೆಗೆ.

ಅಕ್ಕಿ ಮಾರುವ ಝೂಮಾನಾ ಬಂದ. ಅವನೂ ಕುಲಿಬಾಲಿಯೇ, ಹೊಟ್ಟೆಯೇ ಒಂದು ಮೂಟೆ. ವೆಲ್ಡಿಂಗಿನವರು ಬಂದರು, ಟೀ ಕುಡಿಯಲು ಕೂತಿದ್ದವರೂ ಎದ್ದು ಬಂದರು. ಎಲ್ಲರೂ ಹತ್ತಿ ಕೂತಾಗ ಗಾಡಿ ಮುದುಕಿಯ ಹಾಗೆ ನರಳಿ ಬಗ್ಗಿತು. ತೆನಿನ್ ತಿರುಗಿಸಿಟ್ಟ ಚಕ್ರದ ಹಿಂದಿನ ಕತ್ತಲಿಗೆ ಕೈ ತೂರಿಸಿದಳು. ಮೊದಲ ಕೊಕ್ಕೆ ಕೂತಿತು. ಎರಡನೆಯದೂ ಕೂತಿತು. ಬೆವರು ಕಣ್ಣಿಗಿಳಿಯಿತು, ಒರೆಸಿಕೊಳ್ಳಲು ಭಯ. ಮೂರನೆಯದನ್ನು ಅರ್ಧ ಸಿಕ್ಕಿಸಿದ್ದಳು.

"ಅಯ್ಯೋ ನನ್ನ ಗಾಡಿ!" ದ್ರಾಮಾನೆ ತೊಡೆ ತಟ್ಟಿ ನಕ್ಕ. "ಅಲ್ಲಾ ಝೂಮಾನಾ, ನಿಮ್ಮಪ್ಪ ಅಲಸಂದೆ ಗಡಿಗೆಯೊಳಗೆ ತಲೆ ಸಿಕ್ಕಿಸ್ಕೊಂಡು ಊರೆಲ್ಲ ಓಡಿದ್ನಲ್ಲ, ಆ ಗಡಿಗೆ ಈಗ್ಲೂ ಮನೇಲಿದ್ಯಾ?"

ಇಂಥ ಮಾತಿಗೆ ಸುಮ್ಮನೆ ಕೂರುವ ಕುಲಿಬಾಲಿ ಸೆಗುವಿನಲ್ಲೇ ಇಲ್ಲ. ಎದ್ದು ಅಟ್ಟಿಸಿಕೊಂಡು ಹೋಗಬೇಕು, ಅದೇ ಮರ್ಯಾದೆ. ಝೂಮಾನಾ ಚಪ್ಪಲಿ ಕೈಗೆತ್ತಿಕೊಂಡು, "ನಿಲ್ಲೋ ನನ್ನ ಆಳೇ!" ಎಂದು ಮಡ್ಗಾರ್ಡಿನಿಂದ ಧುಮುಕಿದ.

ಗಾಡಿ ಮೇಲೆದ್ದಿತು.

ತೆನಿನ್ ಕೈ ಎಳೆದುಕೊಂಡದ್ದು ಅವಳಿಗೇ ಗೊತ್ತಾಗಲಿಲ್ಲ. ಕಿವಿಯ ಪಕ್ಕದಲ್ಲಿ ಏನೋ ಹಾದುಹೋಯಿತು. ಬೇವಿನ ಮರದಲ್ಲಿ 'ಟಕ್' ಎಂದಿತು. ಮೂರನೆಯ ಕೊಕ್ಕೆ ಕಾಂಡದೊಳಕ್ಕೆ ನೆಟ್ಟುಕೊಂಡು ಕಂಪಿಸುತ್ತಿತ್ತು.

ಅವಳು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡಳು. ಎಲ್ಲವೂ ಇದ್ದವು. ಎದ್ದು ನಾಲ್ಕು ಹೆಜ್ಜೆ ಇಟ್ಟು ಗೋಡೆಗೆ ಒರಗಿ ಕುಸಿದಳು. ಹಲ್ಲು ಕಟಕಟ ಎನ್ನುತ್ತಿತ್ತು, ಆ ಉರಿಬಿಸಿಲಿನಲ್ಲಿ.

ಚಿಕ್ಕಪ್ಪ ಚಾಪೆಯಿಂದ ಎದ್ದ. ಮರದ ಬಳಿ ಹೋಗಿ ಎಡಗೈಯಿಂದ ಕೊಕ್ಕೆ ಕಿತ್ತ. "ನೀನು ಕೂತಿರು ಮಗಳೇ" ಎಂದು ಅದನ್ನು ಬಲಗೈಗೆ ಬದಲಾಯಿಸಿಕೊಂಡ. ಕೊಕ್ಕೆ ಜಾರಿ ಮರಳಿಗೆ ಬಿತ್ತು. ಬಗ್ಗಿ ಎತ್ತಿದ. ಮತ್ತೆ ಬಿತ್ತು.

ಅವನು ಮೂರನೆಯ ಸಲ ಬಗ್ಗುವ ಮೊದಲು ತೆನಿನ್ ಅದನ್ನು ಎತ್ತಿಕೊಂಡಳು. ಹೆದರಿಕೆ ಒಂದಿಷ್ಟೂ ಇಳಿದಿರಲಿಲ್ಲ. ಆದರೆ ಆ ಕೈಯನ್ನು ನೋಡುತ್ತ ಕೂರುವುದು ಅದಕ್ಕಿಂತಲೂ ಕಷ್ಟವಾಗಿತ್ತು.

ಅವಳು ದ್ರಾಮಾನೆಯ ಎದುರು ಹೋಗಿ ನಿಂತಳು. ಅವನ ಮುಖ ಬೂದಿಬಣ್ಣವಾಗಿತ್ತು. ಝೂಮಾನಾ ಅವನ ಪಕ್ಕದಲ್ಲೇ, ಕೈಯಲ್ಲಿ ಹಿಡಿದ ಚಪ್ಪಲಿ ಮರೆತು ನಿಂತಿದ್ದ.

"ಕೇತಾ, ನಾನು ಕುಲಿಬಾಲಿ. ಒಂದು ಬೇಡ್ತೀನಿ, ಇಲ್ಲ ಅನ್ನಂಗಿಲ್ಲ."

"ಕೇಳವ್ವಾ, ಏನ್ ಬೇಕಾದ್ರೂ ಕೇಳು."

ಚಿಕ್ಕಪ್ಪ ಅಡಿಕೆಯಂತೆ ಅಗಿಯಲು ಚಾಪೆಯ ಮೇಲಿಟ್ಟುಕೊಂಡಿದ್ದ ಕೋಲಾ ಕಾಯಿಯೊಂದನ್ನು ತಂದು ಅವನ ಅಂಗೈಗಿಟ್ಟಳು. "ಬಾಯಲ್ಲಿ ಇಟ್ಕೋ. ಅಗಿಯಂಗಿಲ್ಲ, ಉಗಿಯಂಗಿಲ್ಲ. ಕೆಲ್ಸ ಮುಗೀತು ಅಂತ ನಾನು ಹೇಳೋವರೆಗೂ ನಿನ್ನ ಬಾಯಿಂದ ಒಂದು ಮಾತೂ ಬರಕೂಡದು."

ದ್ರಾಮಾನೆ ಕಾಯಿಯನ್ನು ದವಡೆಗೆ ತುರುಕಿಕೊಂಡ. ಜನ ಮತ್ತೆ ಹತ್ತಿ ಕೂತರು. ಮೂರನೆಯ ಕೊಕ್ಕೆಯೂ ಕೂತಿತು. ಅವಳು ಕೈ ಹೊರಗೆ ತೆಗೆದು, "ಇಳೀರಿ, ಒಬ್ಬೊಬ್ಬರೇ" ಅಂದಳು. ಸ್ಪ್ರಿಂಗು 'ಕಿರ್' ಎಂದಿತು, ಹಿಡಿದು ನಿಂತಿತು.

ಜಾಕು ಕೊಟ್ಟು ಗಾಡಿ ಎತ್ತಿದಳು. ಚಕ್ರ ಬಿಚ್ಚಿದಳು. ಚಕ್ರದ ಕೆಳಗಿನ ಕೀಲು, ಬಾಲ್ ಜಾಯಿಂಟು ಬಿಚ್ಚಿದಳು. ಅದು ಗೂಡಿನೊಳಗೆ ಮುದುಕನ ಹಲ್ಲಿನಂತೆ ಅಲುಗಾಡುತ್ತಿತ್ತು. ಬಾನೆಟ್ಟಿನೊಳಗಿನ ಬೋಲ್ಟುಗಳನ್ನು ಬಿಚ್ಚಿ, ಸ್ಪ್ರಿಂಗು ಹೊತ್ತ ಶಾಕ್ ಅಬ್ಸಾರ್ಬರಿನ ಇಡೀ ಕಾಲನ್ನು ಮರಳಿನ ಮೇಲೆ ಮಲಗಿಸಿದಳು. ಇನ್ನು ಉಳಿದದ್ದು ಅದರ ತಲೆಯಲ್ಲಿ ಸ್ಪ್ರಿಂಗನ್ನು ಹಿಡಿದಿಟ್ಟ ನಟ್ಟು. ಚಿಕ್ಕಪ್ಪನ ಬೆರಳು ತಿಂದದ್ದು ಎಡಗಡೆಯ ಇದೇ ನಟ್ಟು.

"ತಲೆ ಗೋಡೆ ಕಡೆಗಿರ್ಲಿ" ಎಂದ ಚಿಕ್ಕಪ್ಪ, ಪಿಸುದನಿಯಲ್ಲಿ. "ಅವತ್ತು ನಾನು ನನ್ನ ಕಡೆಗೆ ಇಟ್ಕೊಂಡಿದ್ದೆ."

ತೆನಿನ್ ಹಾವಿನ ತಲೆಯನ್ನು ಮಣ್ಣುಗೋಡೆಯ ಕಡೆಗೆ ತಿರುಗಿಸಿದಳು. ಪಕ್ಕಕ್ಕೆ ಕೂತು ಸ್ಪ್ಯಾನರು ಹಾಕಿದಳು. ನಟ್ಟನ್ನು ಸುತ್ತು ಸುತ್ತಾಗಿ ಬಿಚ್ಚತೊಡಗಿದಳು. ಎಲ್ಲೋ ಆಡು ಕೂಗಿತು. ಯಾವಾಗಲೂ ಗದ್ದಲವಿರುವ ಓಣಿ ಈಗ ಸದ್ದಿಲ್ಲದೆ ಅವಳ ಕೈಯನ್ನೇ ನೋಡುತ್ತಿತ್ತು. ಕೊಕ್ಕೆಯೊಂದು 'ಟಿಕ್' ಎಂದಿತು. ಅವಳು ಕಲ್ಲಾದಳು. ಕಾದಳು. ಮತ್ತೆ ಸದ್ದು ಬರಲಿಲ್ಲ. ಕಣ್ಣು ಮುಚ್ಚಿ ಕೊನೆಯ ಸುತ್ತು ತಿರುಗಿಸಿದಳು.

ನಟ್ಟು ಅಂಗೈಗೆ ಬಿತ್ತು. ಅಷ್ಟೇ.

ಹಳೆಯ ಕಾಲಿನಿಂದ ಸ್ಪ್ರಿಂಗನ್ನು ಬಿಡಿಸಿ ಎರಡೂ ತೋಳಿನಲ್ಲಿ ಎತ್ತಿಕೊಂಡಳು, ಮಲಗಿದ ಕೂಸನ್ನು ಎತ್ತುವ ಹಾಗೆ. ಕೂಸು ಎಚ್ಚೆತ್ತರೆ ಅಳುತ್ತದೆ. ಇದು ಎಚ್ಚೆತ್ತರೆ ತನ್ನ ಎದೆಗೂಡು ಒಡೆಯುತ್ತದೆ. ಅತ್ತ ಸಿದ್ಧವಾಗಿಟ್ಟಿದ್ದ ಬದಲಿ ಕಾಲು, ಕಡಲಾಚೆಯವರು ಬಳಸಿ ಬಿಟ್ಟ ಮೇಲೆ ಅವರಿಗೆ 'ಹೋಗಿ ಬರ್ತೀನಿ' ಎಂದು ಹೇಳಿ ಹಡಗು ಹತ್ತಿ ಬಂದ ಸಾಮಾನು. ಹಳೆಯದೇ, ಆದರೆ ಗಟ್ಟಿ. ಅದಕ್ಕೆ ಸ್ಪ್ರಿಂಗು ತೊಡಿಸಿ, ನಟ್ಟು ಬಿಗಿದು, ಗಾಡಿಗೆ ಮತ್ತೆ ಜೋಡಿಸಿ, ಹೊಸ ಬಾಲ್ ಜಾಯಿಂಟು ಕೂರಿಸಿ, ಚಕ್ರ ಹಾಕಿ, ಜಾಕು ಇಳಿಸಿದಳು.

ಕೊಕ್ಕೆಗಳು ಬಿಗಿದೇ ಇದ್ದವು. ಅವು ಸಡಿಲವಾಗಬೇಕಾದರೆ ಜನ ಮತ್ತೆ ಹತ್ತಬೇಕು.

"ಹತ್ತಿ" ಅಂದಳು.

ಯಾರೂ ಅಲ್ಲಾಡಲಿಲ್ಲ. ಎಲ್ಲರ ಕಣ್ಣೂ ಬೇವಿನ ಮರದ ಗಾಯದ ಮೇಲಿತ್ತು. ಝೂಮಾನಾ ಹಿಂದೆ ಸರಿದ. "ನಂಗೆ ಹೆಂಡ್ತಿ ಮಕ್ಕಳಿದ್ದಾರೆ ತೆನಿನ್. ಒಂದೇಟು ಸುತ್ತಿಗೇಲಿ ಹೊಡಿ, ಕೊಕ್ಕೆ ತಾನೇ ಬೀಳತ್ತೆ."

ಒಂದೇಟು. ಒಂಟಿಯಾಗಿ ಬಂದು ಕೋಲಿನಿಂದ ತಿವಿದವನ ಹಾಗೆ. ಅಜ್ಜಿಯ ಕತೆಯ ಉತ್ತರ ಏನಿರಬೇಕೆಂದು ತೆನಿನಳಿಗೆ ಆಗ ಹೊಳೆಯಿತು.

"ಇದ್ರೊಳಗಿರೋದು ನಿಮ್ಮದೇ ಭಾರ, ಝೂಮಾನಾ ಅಣ್ಣ. ತುಳಿದೋರೇ ಬಂದು ಮತ್ತೆ ಕೂತ್ರೆ ಇದು ಮೆತ್ತಗೆ ಏಳತ್ತೆ. ನಾನೊಬ್ಳೇ ಎಬ್ಬಿಸಿದ್ರೆ ನಿಮ್ಮೆಲ್ಲರ ಭಾರ ನನ್ನ ಮೇಲೇ ಬೀಳತ್ತೆ."

ದ್ರಾಮಾನೆಗೆ ಮಾತಾಡುವಂತಿರಲಿಲ್ಲ. ಅವನು ಹೋಗಿ ಮಡ್ಗಾರ್ಡಿನ ಮೇಲೆ ತಾನೇ ಮೊದಲು ಕೂತ. ಕೋಲಾ ತುಂಬಿ ಉಬ್ಬಿದ ಕೆನ್ನೆಯಲ್ಲೇ ಝೂಮಾನಾನನ್ನು ನೋಡಿ, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದ. ಝೂಮಾನಾ ದೇವರ ಹೆಸರು ಹೇಳಿಕೊಂಡು ಹತ್ತಿದ. ಆಮೇಲೆ ಉಳಿದವರು. ಚಿಕ್ಕಪ್ಪನೂ ಬಂದು ತುದಿಯಲ್ಲಿ ಕೂತ.

ಗಾಡಿ ಬಗ್ಗಿತು. ತೆನಿನ್ ಮತ್ತೊಮ್ಮೆ ಆ ಕತ್ತಲಿಗೆ ಕೈ ತೂರಿಸಿದಳು. ಒಂದು ಕೊಕ್ಕೆ ಸಡಿಲವಾಗಿ ಬೆರಳಿಗೆ ಬಂತು. ಇನ್ನೊಂದು. ಕೊನೆಯದು ಹಟ ಹಿಡಿಯಿತು. ಮೇಲೆ ಯಾರೂ ಮಿಸುಕಲಿಲ್ಲ. ಝೂಮಾನಾನ ಬೆವರು ತಟ್ಟನೆ ಅವಳ ತೋಳಿನ ಮೇಲೆ ಬಿತ್ತು. ಕೊಕ್ಕೆ ಕಳಚಿಕೊಂಡಿತು.

"ಮೆತ್ತಗೆ ಇಳೀರಿ. ಒಬ್ಬೊಬ್ಬರೇ."

ಒಬ್ಬೊಬ್ಬರು ಇಳಿದಂತೆ ಗಾಡಿ ನಿಧಾನವಾಗಿ, ನಿದ್ದೆಯಿಂದ ಏಳುವವರ ಹಾಗೆ ಮೇಲೆದ್ದು, ಎಡಕ್ಕೂ ಬಲಕ್ಕೂ ಸಮನಾಗಿ ನಿಂತಿತು. ಚಿಕ್ಕಪ್ಪ ಎರಡು ಬೆರಳನ್ನು ಮಡ್ಗಾರ್ಡಿನ ಮೇಲಿಟ್ಟು ಒಮ್ಮೆ ಅದುಮಿ ಬಿಟ್ಟ. ಅದು ಸದ್ದಿಲ್ಲದೆ ತಗ್ಗಿ ಎದ್ದಿತು.

ತೆನಿನ್ ಮೂರೂ ಕೊಕ್ಕೆಗಳನ್ನು ಮರಳಿನ ಮೇಲೆ ಜೋಡಿಸಿಟ್ಟಳು.

"ಉಗಿ ಕೇತಾ. ಕೆಲ್ಸ ಮುಗೀತು."